ಇಪ್ಪತ್ತೆರಡು ನಿಮಿಷ ತಡವಾಗಿ

ದೇಶ ಸುತ್ತು, ಕೋಶ ಓದು ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವ ಕಾರ್ಯವನ್ನು ನಾವು ಬಾಲ್ಯದಿಂದಲೂ ತಕ್ಕಮಟ್ಟಿಗೆ ಮಾಡಿಕೊಂಡು ಬಂದಿದ್ದೇವೆ. ದೇಶ ಸುತ್ತುವ ಕಾರ್ಯ ಮಾತ್ರ ಬಹುಕಾಲ ಕಾರಿನ ಕಿಟಕಿಯ ಒಳಗಿನಿಂದಲೇ ನಡೆಯಿತು. ರಜೆ ಬಂದಿತೆಂದರೆ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಒಮ್ಮೆ ಹಂಪಿಗೆ, ಒಮ್ಮೆ ಬಾದಾಮಿಗೆ, ಒಮ್ಮೆ ಚಿತ್ರದುರ್ಗಕ್ಕೆ ಹೊರಡುವುದು ನಮ್ಮಲ್ಲಿ ವಾಡಿಕೆ. ಊರು ಮುಟ್ಟುವುದೇ ಗುರಿಯಾದುದರಿಂದ ದಾರಿಯೆಂಬುದು ಬೇಗ ಮುಗಿಯಬೇಕಾದ ಒಂದು ತೊಂದರೆ ಎಂದೇ ನಾವು ಬಗೆದಿದ್ದೆವು.

ಐದು ವರ್ಷಗಳ ಕೆಳಗೆ ನಮ್ಮ ರಕ್ತದಲ್ಲಿ ಸಕ್ಕರೆಯ ಅಂಶ ಏರಿರುವುದನ್ನು ಕಂಡ ವೈದ್ಯರು, ಮಾತ್ರೆಯ ಜೊತೆಗೆ ಕಾಲಿಗೂ ಕೆಲಸ ಕೊಡಬೇಕೆಂದು ವಿಧಿಸಿದರು. ನಡಿಗೆಯಿಂದ ಮೊದಲಾದದ್ದು ಓಟಕ್ಕೆ ತಿರುಗಿತು. ಬೆಂಗಳೂರಿನಲ್ಲಿ ೨೦೦೮ರಲ್ಲಿ ಆರಂಭವಾದ ಹತ್ತು ಕಿಲೋಮೀಟರಿನ ದೊಡ್ಡ ಓಟದಲ್ಲಿಯೂ ಒಮ್ಮೆ ಪಾಲ್ಗೊಂಡೆವು. ಆಫ್ರಿಕದ ಓಟಗಾರರು ಇಪ್ಪತ್ತೆಂಟು ನಿಮಿಷಗಳ ಆಸುಪಾಸಿನಲ್ಲಿ ಮುಗಿಸುವ ಆ ದೂರಕ್ಕೆ ನಮಗೆ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ಹಿಡಿಯಿತು. ಕೊರಳಿಗೆ ಪದಕ ಬಿದ್ದಿತು. ಮೊಣಕಾಲಿಗೆ ನೋವು ಅಂಟಿತು. ಆಗ ಮೊಣಕಾಲಿಗೆ ಹಗುರವೆಂದು ಸೈಕಲ್ಲನ್ನು ಹಿಡಿದೆವು.

ಸೈಕಲ್ ಸವಾರರಲ್ಲಿ 'ಬ್ರೆವೆ' ಎಂಬುದೊಂದು ಪದ್ಧತಿಯಿದೆ. ಇದು ಫ್ರೆಂಚ್ ಮಾತು. ಯೋಗ್ಯತಾಪತ್ರವೆಂದು ಇದರ ಅರ್ಥ. ೧೯೦೪ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಎಂಬ ಸಂಸ್ಥೆ ಬೆಳೆಸಿದ ಈ ಪದ್ಧತಿ ಇಂದು ಅನೇಕ ದೇಶಗಳಲ್ಲಿದೆ, ಕರ್ನಾಟಕದಲ್ಲಿಯೂ ಬೇರೂರಿದೆ. ೨೦೦ ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, ೩೦೦ನ್ನು ಇಪ್ಪತ್ತು ಗಂಟೆಯಲ್ಲಿ, ೪೦೦ನ್ನು ಇಪ್ಪತ್ತೇಳು ಗಂಟೆಯಲ್ಲಿ, ೬೦೦ನ್ನು ನಲವತ್ತು ಗಂಟೆಯಲ್ಲಿ ಕ್ರಮಿಸಬೇಕು. ಈ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರಿಗೆ ವಿಶೇಷ ಮನ್ನಣೆಯುಂಟು. ಇವೆಲ್ಲಕ್ಕೂ ಕಳಶಪ್ರಾಯವಾದುದು ಪ್ಯಾರಿಸ್ಸಿನ ಕಡೆಯಿಂದ ಹೊರಟು ಸಮುದ್ರದಂಚಿನ ಬ್ರೆಸ್ಟ್ ನಗರವನ್ನು ಮುಟ್ಟಿ ಮರಳುವ ಸುಮಾರು ೧೨೦೦ ಕಿಲೋಮೀಟರಿನ ಯಾತ್ರೆ. ೧೮೯೧ರಲ್ಲಿ ಪತ್ರಿಕೆಯೊಂದು ಪಂದ್ಯವಾಗಿ ನಡೆಸಿದಾಗ ಶಾರ್ಲ್ ಟೆರೋಂ ಎಂಬಾತ ಎಪ್ಪತ್ತೆರಡು ಗಂಟೆಯೊಳಗೆ ಮುಗಿಸಿ ಗೆದ್ದಿದ್ದನು. ವೃತ್ತಿನಿರತ ಸ್ಪರ್ಧಿಗಳ ಪಂದ್ಯ ೧೯೫೧ಕ್ಕೆ ಕೊನೆಗೊಂಡಿತು. ಹವ್ಯಾಸಿಗಳ ಯಾತ್ರೆ ಮಾತ್ರ ಉಳಿದು, ನಾಲ್ಕು ವರ್ಷಕ್ಕೊಮ್ಮೆ ಇಂದಿಗೂ ನಡೆಯುತ್ತಿದೆ. ೨೦೨೩ರಲ್ಲಿ ನಡೆದಾಗ ಭಾರತದ ಸವಾರರೂ ಅಲ್ಲಿದ್ದರು.

ಬ್ರೆವೆಯ ವಿಶೇಷವೆಂದರೆ ಅಲ್ಲಿ ಮೊದಲಿಗನೂ ಇಲ್ಲ, ಕಡೆಯವನೂ ಇಲ್ಲ. ಬಹುಮಾನದ ಹಣವಿಲ್ಲ. ಅವಧಿಯೊಳಗೆ ಬಂದವರೆಲ್ಲರೂ ಸಮಾನರು. ದಾರಿಯಲ್ಲಿ ಗೊತ್ತುಪಡಿಸಿದ ಠಾಣ್ಯಗಳಲ್ಲಿ ಒಂದು ಕಾರ್ಡಿನ ಮೇಲೆ ಮುದ್ರೆ ಒತ್ತಿಸಿಕೊಳ್ಳಬೇಕು. ಪ್ರತಿ ಠಾಣ್ಯಕ್ಕೂ ಮುಚ್ಚುವ ವೇಳೆಯಿರುವಂತೆ ತೆರೆಯುವ ವೇಳೆಯೂ ಉಂಟು. ಅತಿ ವೇಗವಾಗಿ ಬಂದವರೂ ಬಾಗಿಲಲ್ಲಿ ಕಾಯಬೇಕು! ಠಾಣ್ಯಗಳ ನಡುವೆ ಹೊರಗಿನವರ ಸಹಾಯ ಪಡೆಯುವಂತಿಲ್ಲ. ಮುದ್ರೆಯಿಂದ ಮುದ್ರೆಯವರೆಗಿನ ದಾರಿಯಲ್ಲಿ ಕಾವಲುಗಾರರು ಯಾರೂ ಇರುವುದಿಲ್ಲ. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ಕಳೆದ ಜನವರಿಯಲ್ಲಿ ಹುಬ್ಬಳ್ಳಿಯಿಂದ ರಾಣೆಬೆನ್ನೂರಿಗೆ ಹೋಗಿ ಮರಳುವ ೨೦೦ ಕಿಲೋಮೀಟರಿನ ಬ್ರೆವೆಗೆ ನಾವು ಹೆಸರು ಕೊಟ್ಟೆವು. "ಈ ವಯಸ್ಸಿನಾಗ ನಿಮಗ್ಯಾಕ್ರೀ ಇದೆಲ್ಲಾ?" ಎಂದು ಮನೆಯವರು ಆಕ್ಷೇಪಿಸಿದರಾದರೂ, ನಸುಕಿನಲ್ಲೆದ್ದು ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ಮುಂಜಾನೆ ಆರು ಗಂಟೆಗೆ ಮೂವತ್ತರಷ್ಟು ಸವಾರರು ಹೊರಟೆವು.

ನೂರು ಸಲ ಕಾರಿನಲ್ಲಿ ದಾಟಿದ ಹೆದ್ದಾರಿ ಅದು. ಆದರೆ ವರೂರಿನಾಚೆ ಕಪ್ಪು ಹೊಲಗಳಲ್ಲಿ ಕಡಲೆ ಕಾಯಿ ಕಟ್ಟುತ್ತಿದ್ದುದನ್ನೂ, ಬಂಕಾಪುರದ ಬಳಿ ನವಿಲಿನ ಕೂಗನ್ನೂ ನಾವು ಕಂಡು ಕೇಳಿದ್ದು ಅಂದೇ ಮೊದಲು. ಕಾರಿನಲ್ಲಿ ಕುಳಿತವರಿಗೆ ಆ ರಸ್ತೆ ಸಮತಟ್ಟು; ಪ್ರತಿಯೊಂದು ಸಣ್ಣ ಏರನ್ನೂ ನಮ್ಮ ತೊಡೆಗಳು ಎಣಿಸಿದವು. ಹಾವೇರಿಯ ಹೊತ್ತಿಗೆ ಎದುರುಗಾಳಿ ಬಲವಾಯಿತು. ನಮ್ಮ ಹಿಂದಿನಿಂದ ಬಂದ, ಗದಗಿನ ಕಡೆಯ ಶಾಲಾ ಶಿಕ್ಷಕಿಯೊಬ್ಬರು, "ಸರ್, ನನ್ನ ಹಿಂದ ಬರ್ರಿ, ಗಾಳಿ ನಾ ತಗೋತೀನಿ" ಎಂದರು. ಸಹಸವಾರರ ಹಿಂದೆ ಗಾಳಿಯ ಮರೆಯಲ್ಲಿ ಸಾಗುವುದಕ್ಕೆ ನಿಯಮದ ಅಡ್ಡಿಯಿಲ್ಲ. ನಮಗಿಂತ ಹದಿನೈದು ವರ್ಷ ಕಿರಿಯರಾದ ತಂಗಿಯೊಬ್ಬಳ ಮರೆಯಲ್ಲಿ ಹೋಗಲು ನಮ್ಮ ಗಂಡುಜಂಬ ಒಂದು ಕ್ಷಣ ಹಿಂಜರಿಯಿತು. ಮುಂದಿನ ಏರು ಬಂದಾಗ ಆ ಜಂಬ ತಾನೇ ಇಳಿಯಿತು. ರಾಣೆಬೆನ್ನೂರಿನ ಠಾಣ್ಯ ಮುಚ್ಚುವುದಕ್ಕೆ ಹದಿನಾರು ನಿಮಿಷವಿರುವಾಗ ತಲುಪಿದೆವು. ರೊಟ್ಟಿ ಬಿಚ್ಚಿ ಇಬ್ಬರೂ ತಿಂದೆವು. ನಮಗಾಗಿ ನಿಂತು ತಡಮಾಡಿಕೊಳ್ಳಬೇಡಿರೆಂದು ಹೇಳಿ ಅವರನ್ನು ಮುಂದೆ ಕಳುಹಿಸಿದೆವು.

ಮರಳುವಾಗ ಹಾವೇರಿಯ ಸಮೀಪ ಹಿಂದಿನ ಗಾಲಿ ಪಂಕ್ಚರಾಯಿತು. ಒಯ್ದಿದ್ದ ಟ್ಯೂಬನ್ನು ಹಾಕುವ ಅವಸರದಲ್ಲಿ ಅದನ್ನೂ ಹರಿದುಕೊಂಡು, ಕಡೆಗೆ ಹಳೆಯದಕ್ಕೇ ತೇಪೆ ಹಚ್ಚುವಷ್ಟರಲ್ಲಿ ನಲವತ್ತು ನಿಮಿಷ ಕಳೆಯಿತು. ಬಂಕಾಪುರದಲ್ಲಿ ಕಣ್ಣು ಕತ್ತಲಿಟ್ಟಂತಾಗಿ, ಬೇವಿನ ಮರದಡಿ ಅರ್ಧ ಗಂಟೆ ಕುಳಿತು ಬಾಳೆಹಣ್ಣು ತಿಂದು ಸುಧಾರಿಸಿಕೊಂಡೆವು. ಶಿಗ್ಗಾಂವಿ ದಾಟಿದಾಗ ಗಂಟೆ ಐದೂಮುಕ್ಕಾಲು. ಅವಧಿ ಮುಗಿಯುವುದು ಏಳೂವರೆಗೆ. ಉಳಿದ ದೂರ ಸುಮಾರು ೩೬ ಕಿಲೋಮೀಟರು. ದಣಿದ ಕಾಲಿಗೆ ಆ ಲೆಕ್ಕ ಕೂಡುವಂತಿರಲಿಲ್ಲ.

ಆ ಸಮಯಕ್ಕೆ ಸರಿಯಾಗಿ ಸಣ್ಣ ಸರಕಿನ ಗಾಡಿಯೊಂದು ನಮ್ಮ ಪಕ್ಕದಲ್ಲಿ ನಿಂತಿತು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಹಾಕಿ ಬರಿದಾಗಿ ಮರಳುತ್ತಿದ್ದ ಗಾಡಿ. ಘಾಟು ಇನ್ನೂ ಆರಿರಲಿಲ್ಲ. "ಕಾಕಾರ, ಕತ್ತಲಾಗಾಕ ಬಂತು. ಸೈಕಲ್ಲು ಹಿಂದ ಹಾಕ್ರಿ, ವರೂರ ತನಕ ಬಿಡ್ತೀನಿ" ಎಂದನು ಆ ಯುವಕ. ನಿಯಮದಲ್ಲಿ ಹಾಗೆ ಇಲ್ಲವೆಂದೆವು. ಅವನು ರಸ್ತೆಯ ಹಿಂದುಮುಂದು ನೋಡಿ, "ಇಲ್ಲಿ ಯಾರ್ ನೋಡಾಕತ್ತಾರ್ರೀ?" ಎಂದು ನಕ್ಕನು.

ಅವನ ಮಾತಿನಲ್ಲಿ ಕಪಟವಿರಲಿಲ್ಲ, ಕನಿಕರವಿತ್ತು. ನೋಡುವವರು ನಿಜವಾಗಿಯೂ ಯಾರೂ ಇರಲಿಲ್ಲ. ವರೂರಿನಲ್ಲಿ ಇಳಿದು ಉಳಿದುದನ್ನು ತುಳಿದರೆ ವೇಳೆಗೆ ಮೊದಲೇ ಮುಟ್ಟಬಹುದಿತ್ತು; ಮುದ್ರೆ ಬೀಳುತ್ತಿತ್ತು. ನಾವು ತಕ್ಷಣವೇ ಬೇಡವೆಂದೆವೆಂದು ಬರೆದರೆ ಸುಳ್ಳಾದೀತು. ಸೈಕಲ್ಲಿನಿಂದ ಇಳಿದು, ಅದರ ಹಿಡಿಕೆಯನ್ನು ಹಿಡಿದು ಒಂದು ನಿಮಿಷ ಸುಮ್ಮನೆ ನಿಂತಿದ್ದೆವು. ಆಗ ನೆನಪಾದವನು ನಮ್ಮ ಮಗ. ಹಿಂದಿನ ವಾರವಷ್ಟೇ, ಪರೀಕ್ಷೆಯಲ್ಲಿ ನಕಲು ಮಾಡಿದ ತನ್ನ ಗೆಳೆಯನ ಕುರಿತು ಅವನು ಹೇಳಿದಾಗ, ನಾವು ಊಟದ ತಟ್ಟೆಯ ಮುಂದೆ ಅರ್ಧ ಗಂಟೆಯ ಉಪದೇಶ ಮಾಡಿದ್ದೆವು. ಗಾಡಿಯವನಿಗೆ ಕೈಮುಗಿದೆವು. ಅವನು ಒಂದು ಬಾಟಲಿ ನೀರು ಕೊಡಲು ಬಂದನು. ನಿಯಮವನ್ನು ನೆನೆದು ಅದನ್ನೂ ಒಲ್ಲೆವೆಂದಾಗ ನಮಗೆ ಬುದ್ಧಿಭ್ರಮಣೆಯೆಂದೇ ತಿಳಿದು ಹೊರಟುಹೋದನು.

ದೀಪ ಹಚ್ಚಿ, ಬೆಳಕಿಗೆ ಹೊಳೆಯುವ ಅಂಗಿ ತೊಟ್ಟು ಕತ್ತಲೆಯಲ್ಲಿ ತುಳಿದೆವು. ಹುಬ್ಬಳ್ಳಿಯನ್ನು ಮುಟ್ಟಿದಾಗ ಏಳು ಗಂಟೆ ಐವತ್ತೆರಡು ನಿಮಿಷ. ವ್ಯವಸ್ಥಾಪಕರು ಮೇಜನ್ನು ಮಡಚುತ್ತಿದ್ದರು. ನಮ್ಮನ್ನು ಕಂಡು ಅದನ್ನು ಮತ್ತೆ ಬಿಡಿಸಿ, ಕಾರ್ಡನ್ನು ಪಡೆದು, ವೇಳೆಯನ್ನು ಇದ್ದಂತೆಯೇ ಬರೆದು, "ಅವಧಿ ಮೀರಿದೆ" ಎಂದು ನಮೂದಿಸಿದರು. ಅವರು ವೇಳೆಯನ್ನು ತಿದ್ದಲಿಲ್ಲ, ನಾವೂ ಕೇಳಲಿಲ್ಲ.

ಮನೆಗೆ ಬಂದು ಕಥೆ ಹೇಳಿದಾಗ ಮಗ ಕೇಳಿದನು: "ಗಾಡಿ ಹತ್ತಿದ್ರ ಪಾಸಾಗ್ತಿದ್ದಿರಲ್ಲಪ್ಪಾ?" ಹೌದೆಂದೆವು. ಮುಂದೆ ಉಪದೇಶಿಸಲು ಬಾಯಿ ಬರಲಿಲ್ಲ. ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುಳಿತೆವು. ಅವನು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಓಟದ ಪದಕವಿರುವ ಗೂಡಿನಲ್ಲಿ ತಾನಾಗಿಯೇ ಇಟ್ಟನು. ಅದು ಇಂದಿಗೂ ಅಲ್ಲಿಯೇ ಇದೆ.

ದಕ್ಷಿಣ ಆಫ್ರಿಕದಲ್ಲಿ ೧೯೨೧ರಿಂದ ಕಾಮ್ರೇಡ್ಸ್ ಎಂಬ ಓಟವೊಂದು ನಡೆದು ಬಂದಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗಾಗಿ ಆರಂಭವಾದ ಅದರ ದೂರ ಸುಮಾರು ೯೦ ಕಿಲೋಮೀಟರು. ಹನ್ನೆರಡು ಗಂಟೆ ತುಂಬಿದಾಗ ಅಧಿಕಾರಿಯೊಬ್ಬರು ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಬಂದೂಕು ಹಾರಿಸುತ್ತಾರೆ. ಆ ಬಳಿಕ ಒಂದು ಕ್ಷಣ ತಡವಾಗಿ ಬಂದವರೂ ಲೆಕ್ಕಕ್ಕಿಲ್ಲ. ಮೊದಲು ಓದಿದಾಗ ಇದು ನಮಗೆ ಕ್ರೂರವೆನಿಸಿತ್ತು. ಈಗ ಅನಿಸುವುದೇನೆಂದರೆ, ಮುಖ ನೋಡಿ ಗಡಿಯನ್ನು ಸಡಿಲಿಸಿದರೆ ಅದರೊಳಗೆ ಬಂದವರ ಶ್ರಮಕ್ಕೆ ಬೆಲೆ ಉಳಿಯದು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆ ಇಷ್ಟೇ. ನಿಮ್ಮ ಮನೆಯ ಅಟ್ಟದ ಮೇಲಿನ ಸೈಕಲ್ಲನ್ನು ಕೆಳಗಿಳಿಸಿರಿ. ಸಕ್ಕರೆಯ ರೋಗವಿದ್ದವರು, ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಹೊರಡಿರಿ. ಹತ್ತು ಕಿಲೋಮೀಟರಿನಿಂದ ಮೊದಲುಮಾಡಿ ತಿಂಗಳುಗಟ್ಟಲೆ ಮೆಲ್ಲನೆ ಏರಿಸಿರಿ. ಶಿರಸ್ತ್ರಾಣ, ದೀಪ, ನೀರು, ತಿನ್ನಲು ಒಂದಿಷ್ಟು ಸಿಹಿ ಜೊತೆಗಿರಲಿ. ಟ್ಯೂಬು ಹಾಕುವುದನ್ನು ಮನೆಯಂಗಳದಲ್ಲಿಯೇ ಕಲಿತಿರಿ. ಈ ಕಡೆಯ ಮಾತು ನಮ್ಮ ಅನುಭವದ ಫಲ.

ಬರುವ ಜನವರಿಯಲ್ಲಿ ಅದೇ ದಾರಿಯಲ್ಲಿ ನಾವು ಮತ್ತೆ ಹೊರಡುವವರಿದ್ದೇವೆ. ಈ ಸಲ ಎರಡು ಟ್ಯೂಬು ಒಯ್ಯುತ್ತೇವೆ. ಮನೆಯವರು ಆಕ್ಷೇಪಿಸಿಲ್ಲ, ರೊಟ್ಟಿ ಇಬ್ಬರಿಗೆ ಸಾಲುವಷ್ಟು ಕಟ್ಟುವುದಾಗಿ ಹೇಳಿದ್ದಾರೆ.