ಕೋಳಿ ಮೊದಲೋ, ಮೊಟ್ಟೆ ಮೊದಲೋ?

ತಟ್ಟೆ ಇಡ್ಲಿ ಅಂಗಡಿಯ ಜಗಲಿಯಲ್ಲಿ ಈ ಪ್ರಶ್ನೆ ಬರಿಯ ಹರಟೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯ ಬಾಗಿಲಲ್ಲಿ, 2020ರ ನವೆಂಬರಿನಲ್ಲಿ, ಅದು ಅನ್ನದ ಪ್ರಶ್ನೆಯಾಯಿತು. ಕಾರ್ಮಿಕರು ಅಕ್ರಮವಾಗಿ ಧರಣಿ ಕುಳಿತರು, ಆದಕಾರಣ ಬೀಗ ಹಾಕಿದೆವು ಎಂದರು ಮಾಲೀಕರು. ನಮ್ಮವನೊಬ್ಬನನ್ನು ಅಮಾನತು ಮಾಡಿದಿರಿ, ಆದಕಾರಣ ಕುಳಿತೆವು; ಅದಕ್ಕೂ ಮುಂಚೆ ಕೆಲಸದ ಹೊರೆ ಏರಿಸಿದವರು ಯಾರು ಎಂದಿತು ಸಂಘ.

ಮಾತಿನ ಚಮತ್ಕಾರವಲ್ಲ ಇದು. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 24ನೆಯ ಕಲಮು ನೋಡಿ: ಅಕ್ರಮ ಮುಷ್ಕರದ ಫಲವಾಗಿ ಬಿದ್ದ ಬೀಗಮುದ್ರೆ ಅಕ್ರಮವಲ್ಲ, ಅಕ್ರಮ ಬೀಗಮುದ್ರೆಯ ಫಲವಾದ ಮುಷ್ಕರವೂ ಅಕ್ರಮವಲ್ಲ. ಮೊದಲು ಯಾವುದು ಎಂಬುದರ ಮೇಲೆಯೇ ಸಂಬಳ ನಿಂತಿದೆ! ಆದರೆ ಧರಣಿಗೆ ತಾರೀಖುಂಟು, ಬೀಗಕ್ಕೆ ತಾರೀಖುಂಟು. ದಿನದಿನವೂ ಏರಿದ ಹೊರೆಗೆ ತಾರೀಖೆಲ್ಲಿ? ಮಾಲೀಕರ ಲೆಕ್ಕ ಯಾವಾಗಲೂ ಮೊಟ್ಟೆ ಒಡೆದ ದಿನದಿಂದಲೇ ಆರಂಭ.

ನವೆಂಬರ್ 10ರಂದು ಬಿದ್ದ ಬೀಗ ಒಮ್ಮೆ ತೆರೆದು, ಮತ್ತೆ ಬಿದ್ದು, 2021ರ ಜನವರಿಯಲ್ಲಿ ತೆರೆಯಿತು. ಕಾರ್ಮಿಕನ ಕೈಯಲ್ಲಿ ಕಾಸಾಡದಿದ್ದರೆ ದಿನಸಿ ಅಂಗಡಿಯ ಸಾಲದ ಪುಸ್ತಕವೇ ದಪ್ಪವಾಗುತ್ತದೆಂದು ವರ್ತಕ ಬಂಧುಗಳಿಗೆ ನಾವು ಹೇಳಬೇಕಿಲ್ಲ.

ಗಿರಣಿಯ ಗೆಳೆಯರಲ್ಲಿ ನಮ್ಮ ಬಿನ್ನಹವಿಷ್ಟೆ: ಹೊರೆ ಏರಿದ ದಿನವೇ ದೂರು ಬರೆದುಕೊಡಿ, ನಕಲಿನ ಮೇಲೆ ತಾರೀಖು ಸಹಿತ ರುಜು ಪಡೆಯಿರಿ.