ದಳವಾಯಿಯ ದ್ರೋಹ: ‘ವಿಗಡ ವಿಕ್ರಮರಾಯ’ದಲ್ಲಿ ದುರಂತ ನಾಯಕನ ಪ್ರಶ್ನೆ

ಕನ್ನಡ ಸ್ನಾತಕೋತ್ತರ ತರಗತಿಗಳಲ್ಲಿ ದುರಂತ ನಾಟಕದ ಪಾಠವು ಸಾಮಾನ್ಯವಾಗಿ ಗ್ರೀಸಿನಿಂದ ಆರಂಭವಾಗುತ್ತದೆ. ಅರಿಸ್ಟಾಟಲನ ಲಕ್ಷಣ, ಈಡಿಪಸ್‌ನ ದೃಷ್ಟಾಂತ, ಅಲ್ಲಿಂದ ಷೇಕ್ಸ್‌ಪಿಯರನ ಮ್ಯಾಕ್‌ಬೆತ್, ಕೊನೆಗೆ ಬಿ.ಎಂ.ಶ್ರೀ. ಅವರ ‘ಗದಾಯುದ್ಧ ನಾಟಕಂ’ ಮತ್ತು ‘ಅಶ್ವತ್ಥಾಮನ್’. ಈ ದಾರಿಯಲ್ಲಿ ಸಂಸರ ‘ವಿಗಡ ವಿಕ್ರಮರಾಯ’ ಬಂದರೂ ಅದು ಬಹುಮಟ್ಟಿಗೆ ಮ್ಯಾಕ್‌ಬೆತ್‌ನ ಕನ್ನಡ ನೆರಳಾಗಿಯೇ ಬರುತ್ತದೆ: ಅಧಿಕಾರದಾಹದಿಂದ ಒಡೆಯನನ್ನು ಕೊಲ್ಲಿಸಿದ ದಳವಾಯಿ, ಅವನ ಏಳು, ಅವನ ಬೀಳು. ಪರೀಕ್ಷೆಯ ಪ್ರಶ್ನೆಯೂ ಅದಕ್ಕೆ ತಕ್ಕಂತೆ ‘ವಿಕ್ರಮರಾಯನ ಪಾತ್ರಚಿತ್ರಣ’ದಲ್ಲಿ ಮುಗಿಯುತ್ತದೆ. ಈ ಓದು ತಪ್ಪೆನ್ನಲಾಗದು, ಆದರೆ ಸಾಲದು. ದ್ರೋಹವನ್ನು ಒಬ್ಬ ವ್ಯಕ್ತಿಯ ಸ್ವಭಾವದೋಷವೆಂದು ಬಗೆದೊಡನೆ, ಆ ದ್ರೋಹಕ್ಕೆ ಎಡೆಮಾಡಿಕೊಟ್ಟ ಪ್ರಭುತ್ವದ ರಚನೆ ಪ್ರಶ್ನೆಗೊಳಗಾಗದೆ ಉಳಿದುಬಿಡುತ್ತದೆ. ಸಂಸರ ನಾಟಕವನ್ನು ದಳವಾಯಿ ಎಂಬ ವ್ಯಕ್ತಿಯ ದುರಂತವಾಗಿ ಅಲ್ಲ, ದಳವಾಯಿತನವೆಂಬ ಸ್ಥಾನದ ದುರಂತವಾಗಿ ಓದಬೇಕಾಗಿದೆ.

ನಾಟಕದ ಹಿಂದಿರುವ ಇತಿಹಾಸವನ್ನು ಸ್ಥೂಲವಾಗಿ ನೆನೆಯಬಹುದು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣವನ್ನು ಪಡೆದರು. ಅವರ ನಂತರ ಮೊಮ್ಮಗ ಚಾಮರಾಜ ಒಡೆಯರು 1617ರಿಂದ 1637ರವರೆಗೆ ಆಳಿದರು. ಅನಂತರ ಪಟ್ಟಕ್ಕೆ ಬಂದ ಇಮ್ಮಡಿ ರಾಜ ಒಡೆಯರ ಆಳ್ವಿಕೆ ಕೇವಲ ಒಂದು ವರ್ಷದ್ದು. ದಳವಾಯಿ ವಿಕ್ರಮರಾಯ 1638ರಲ್ಲಿ ಅವರಿಗೆ ವಿಷವಿಕ್ಕಿಸಿದನೆಂಬುದು ಮೈಸೂರಿನ ಚರಿತ್ರೆಕಾರರು ಒಪ್ಪಿಕೊಂಡುಬಂದ ಸಂಗತಿ. ಬರಿದಾದ ಸಿಂಹಾಸನಕ್ಕೆ ಬಂದವರು ಬೆಟ್ಟದ ಚಾಮರಾಜ ಒಡೆಯರ ಮಗ ಕಂಠೀರವ ನರಸರಾಜ ಒಡೆಯರು. ಪಟ್ಟವೇರಿದ ಕೆಲವೇ ದಿನಗಳಲ್ಲಿ ಅವರು ದಳವಾಯಿಯನ್ನು ಕೊಲ್ಲಿಸಿದರು; 1659ರವರೆಗೆ ಆಳಿ ರಣಧೀರರೆನಿಸಿಕೊಂಡರು.

ಈ ಕಥೆಯ ಒಂದು ಕೊಂಡಿ ಇಂದಿನ ಚಾಮರಾಜನಗರ ಜಿಲ್ಲೆಯ ನೆಲದಲ್ಲಿದೆ. ಪಟ್ಟಕ್ಕೆ ಬರುವ ಮೊದಲು ಕಂಠೀರವರು ಅಜ್ಞಾತರಂತೆ ಬಾಳಿದ್ದು ತೆರಕಣಾಂಬಿಯಲ್ಲಿ ಎಂದು ವಿಲ್ಕ್ಸ್ ಬರೆಯುತ್ತಾನೆ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯ ಮೇಲಿರುವ ಊರು ಅದು. ಅದೇ ತಾಲ್ಲೂಕಿನ ಹಂಗಳದಲ್ಲಿ, ಮುಂದೆ 1673ರಲ್ಲಿ ದೊರೆಯಾದ ಚಿಕ್ಕದೇವರಾಜ ಒಡೆಯರು ಯೌವನವನ್ನು ಹೆಚ್ಚುಕಡಿಮೆ ನಿರ್ಬಂಧದಲ್ಲಿ ಕಳೆದರು. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಅವರ ತಂದೆಯ ನೆನಪಿನದು. ಅಂದರೆ ಈ ಕಾಡಂಚಿನ ಸೀಮೆ ಶ್ರೀರಂಗಪಟ್ಟಣದ ಪಾಲಿಗೆ ಕೇವಲ ಗಡಿಯಾಗಿರಲಿಲ್ಲ. ಅರಮನೆಯು ತನಗೆ ಸದ್ಯಕ್ಕೆ ಬೇಡವಾದ, ಆದರೆ ಕೈಬಿಡಲೂ ಆಗದ ರಾಜರಕ್ತವನ್ನು ದೂರವಿರಿಸಿದ ಜಾಗವಾಗಿತ್ತು. ಇಂಥ ಜಾಗವೊಂದು ಬೇಕಾಗುವುದೇ ಒಂದು ಪ್ರಭುತ್ವವು ತನ್ನವರನ್ನೇ ನಂಬಲಾಗದ ಸ್ಥಿತಿಯ ಸೂಚನೆ. ಕನ್ನಡದ ಮೊದಲ ಉಪಲಬ್ಧ ನಾಟಕವೆಂದು ಹೇಳಲಾಗುವ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಆ ಚಿಕ್ಕದೇವರಾಜರ ಆಸ್ಥಾನದಲ್ಲೇ ಹುಟ್ಟಿತು. ಅದು ಶ್ರೀಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿದ ಶೃಂಗಾರ ನಾಟಕ. ಹಂಗಳದ ನಿರ್ಬಂಧವನ್ನು ಕಂಡ ದೊರೆಯ ಸಭೆಯಲ್ಲಿ ರಂಗಕ್ಕೆ ಬಂದದ್ದು ಅಂತಃಪುರದ ಪ್ರಣಯ. ರಾಜಕಾರಣ ಬರಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು.

ಅದನ್ನು ತಂದವರೂ ಈ ಸೀಮೆಯವರೇ. ಸಂಸ ಎಂಬ ಹೆಸರಿನಲ್ಲಿ ಬರೆದ ಸಾಮಿ ವೆಂಕಟಾದ್ರಿ ಅಯ್ಯರ್ 1898ರಲ್ಲಿ ಯಳಂದೂರು ತಾಲ್ಲೂಕಿನ ಅಗರದಲ್ಲಿ ಜನಿಸಿದರು. ಅವರು ಬರೆದವೆಂದು ಹೇಳಲಾಗುವ ಇಪ್ಪತ್ತಮೂರು ನಾಟಕಗಳಲ್ಲಿ ಉಳಿದುಬಂದವು ಆರು ಮಾತ್ರ: ‘ಸುಗುಣ ಗಂಭೀರ’, ‘ವಿಗಡ ವಿಕ್ರಮರಾಯ’, ‘ವಿಜಯನಾರಸಿಂಹ’, ‘ಬಿರುದೆಂತೆಂಬರ ಗಂಡ’, ‘ಬೆಟ್ಟದ ಅರಸು’, ‘ಮಂತ್ರಶಕ್ತಿ’. ಶೀರ್ಷಿಕೆಗಳನ್ನು ಸಾಲಾಗಿ ಓದಿದರೆ ಒಂದು ವಿಶೇಷ ಗೋಚರಿಸುತ್ತದೆ. ಗುಣ, ವಿಜಯ, ಬಿರುದು, ಅರಸುತನ, ಮಂತ್ರ ಎಂದು ಹೆಚ್ಚಿನವು ಅರಸೊತ್ತಿಗೆಯ ಗರಿಗಳನ್ನೇ ಹೊತ್ತಿವೆ. ‘ಬಿರುದೆಂತೆಂಬರ ಗಂಡ’ ಎಂಬುದಂತೂ ಮೈಸೂರು ದೊರೆಗಳ ಬಿರುದೇ. ನಡುವೆ ಒಂದು ನಾಟಕಕ್ಕೆ ಮಾತ್ರ ದ್ರೋಹಿಯೊಬ್ಬನ ಹೆಸರು.

ಹೆಸರಿಡುವ ಕ್ರಿಯೆಯನ್ನು ಲಘುವಾಗಿ ಕಾಣಬಾರದು. ಷೇಕ್ಸ್‌ಪಿಯರ್ ತನ್ನ ರೋಮನ್ ನಾಟಕಕ್ಕೆ ಕೊಲೆಯಾದ ಸೀಸರನ ಹೆಸರನ್ನು ಕೊಟ್ಟು, ದುರಂತದ ಭಾರವನ್ನು ಕೊಂದ ಬ್ರೂಟಸ್‌ನ ಹೆಗಲಿಗೇರಿಸಿದ. ಸಂಸರು ಇದನ್ನು ತಿರುಗಿಸಿದ್ದಾರೆ. ಇತಿಹಾಸದಲ್ಲಿ ಗೆದ್ದು ಉಳಿದ ಹೆಸರು ಕಂಠೀರವರದು. 1960ರಲ್ಲಿ ರಾಜ್‌ಕುಮಾರ್ ಅಭಿನಯದ ಚಲನಚಿತ್ರಕ್ಕೂ ಸಹಜವಾಗಿ ‘ರಣಧೀರ ಕಂಠೀರವ’ ಎಂಬ ಹೆಸರೇ ಬಂತು. ನಾಟಕಕಾರರಾದರೋ ಸೋತವನ ಹೆಸರಿಟ್ಟರು. ಅದಕ್ಕೆ ಸೇರಿಸಿದ ವಿಶೇಷಣವೂ ವಿಚಾರಾರ್ಹ. ‘ವಿಗಡ’ವು ಸಂಸ್ಕೃತದ ‘ವಿಕಟ’ದ ತದ್ಭವ. ಉಗ್ರ, ಭಯಂಕರ ಎಂಬ ಅರ್ಥಗಳೊಡನೆ ಅದು ನಮ್ಮ ಕಾವ್ಯಗಳಲ್ಲಿ ವೀರರಿಗೆ ಒಪ್ಪುವ ಮಾತಾಗಿಯೂ ಬಳಕೆಗೊಂಡಿದೆ. ‘ದುಷ್ಟ ವಿಕ್ರಮರಾಯ’ ಎಂದಿದ್ದರೆ ತೀರ್ಪು ಮೊದಲೇ ಮುಗಿದುಹೋಗುತ್ತಿತ್ತು.

ಇಲ್ಲಿಂದ ಮುಂದಕ್ಕೆ ಕಠಿಣವಾದ ಪ್ರಶ್ನೆಯೊಂದಿದೆ. 1638ರ ಒಂದೇ ವರ್ಷದಲ್ಲಿ, ಒಂದೇ ಅರಮನೆಯ ಸುತ್ತ, ಎರಡು ಕೊಲೆಗಳು ನಡೆದವು. ಎರಡೂ ಗುಟ್ಟಿನವು, ಎರಡರಲ್ಲೂ ವಿಚಾರಣೆಯೆಂಬುದಿಲ್ಲ. ದಳವಾಯಿ ದೊರೆಗೆ ವಿಷವಿಕ್ಕಿಸಿದ್ದು ಸ್ವಾಮಿದ್ರೋಹವಾಯಿತು. ದೊರೆ ದಳವಾಯಿಯನ್ನು ಕೊಲ್ಲಿಸಿದ್ದು ದುಷ್ಟನಿಗ್ರಹವಾಯಿತು. ವಿಲ್ಕ್ಸ್ ನಿರೂಪಿಸುವ ಎರಡನೆಯ ಕೊಲೆಯಲ್ಲಿ ರಾಜಗಾಂಭೀರ್ಯವೇನೂ ಕಾಣುವುದಿಲ್ಲ. ಇಬ್ಬರು ಆಳುಗಳು ಗೋಡೆ ಹತ್ತಿ ಹೊಂಚುಹಾಕಿ ಕುಳಿತಿರುತ್ತಾರೆ. ಮುಂದೆ ದೀವಟಿಗೆ ಹಿಡಿದವನೊಡನೆ ದಳವಾಯಿ ಬರುತ್ತಾನೆ. ಮೊದಲು ದೀವಟಿಗೆಯವನು ಬೀಳುತ್ತಾನೆ, ಬೆಳಕು ಆರುತ್ತದೆ. ಕತ್ತಲೆಯ ಮಲ್ಲಾಟದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಕೇಳಿ ತಿಳಿದುಕೊಂಡೇ ಇರಿಯಬೇಕಾಗುತ್ತದೆ. ಯಾರು ಮೇಲು, ಯಾರು ಕೆಳಗು ಎಂಬುದು ತಿಳಿಯದೆ ಕತ್ತಿ ಎತ್ತಲಾಗದ ಈ ಪ್ರಸಂಗಕ್ಕಿಂತ ಅಂದಿನ ಮೈಸೂರಿನ ರಾಜಕಾರಣಕ್ಕೆ ತಕ್ಕ ಚಿತ್ರ ಇನ್ನೊಂದಿರಲಾರದು. ಕೊಲ್ಲಿಸಿದವನ ಬಾಯಿಂದಲೇ ದ್ರೋಹದ ಹೆಸರು ಹುಟ್ಟುತ್ತದೆ. ಕೊಲೆಯಾದವನಿಗೆ ತನ್ನ ಕೃತ್ಯಕ್ಕೆ ಬೇರೊಂದು ಹೆಸರಿಡುವ ಅವಕಾಶವಿರುವುದಿಲ್ಲ. ಅವನಿಗೆ ಮೂರು ಶತಮಾನಗಳ ಅನಂತರ ಮಾತು ದೊರೆತದ್ದು ಸಂಸರ ರಂಗದ ಮೇಲೆ.

ಹಾಗೆಂದು ವಿಕ್ರಮರಾಯನನ್ನು ನಿರಪರಾಧಿಯಾಗಿಸುವ ಅಗತ್ಯವೇನೂ ಇಲ್ಲ. ಇತ್ತೀಚೆಗೆ ಪ್ರತಿನಾಯಕರೆಲ್ಲರನ್ನೂ ಬಲಿಪಶುಗಳನ್ನಾಗಿ ಕಾಣುವ ಒಂದು ಮರುಓದಿನ ರೂಢಿ ಬೆಳೆದಿದೆ. ಅದು ಹಳೆಯ ಪಾತ್ರಚಿತ್ರಣವನ್ನೇ ತಲೆಕೆಳಗು ಮಾಡಿದ್ದಷ್ಟೆ. ವಿಷವಿಕ್ಕಿಸಿದ್ದು ಕೊಲೆಯೇ. ಪ್ರಶ್ನೆಯಿರುವುದು ಆ ಕೊಲೆ ಎಲ್ಲಿಂದ ಹುಟ್ಟಿತು ಎಂಬುದರಲ್ಲಿ. ದಳವಾಯಿಯ ಕೈಯಲ್ಲಿ ಸೈನ್ಯವಿದೆ, ಪಟ್ಟಕ್ಕೆ ಬೇಕಾದ ಹಕ್ಕಿಲ್ಲ. ದೊರೆಗೆ ಹಕ್ಕಿದೆ, ಸೈನ್ಯವಿಲ್ಲ. ಒಬ್ಬನು ಇನ್ನೊಬ್ಬನ ನಂಬಿಕೆಯ ಮೇಲೆಯೇ ಬದುಕಬೇಕು, ಆದರೆ ಆ ನಂಬಿಕೆಗೆ ಮಾತಿನ ಹೊರತು ಬೇರೆ ಜಾಮೀನಿಲ್ಲ. 1614ರಲ್ಲಿ ರಾಜ ಒಡೆಯರಿಗೂ ಕಳಲೆಯ ಮನೆತನಕ್ಕೂ ದಳವಾಯಿತನದ ವಿಷಯವಾಗಿ ಆದ ಒಡಂಬಡಿಕೆ ಈ ಇಬ್ಬಗೆಯನ್ನು ಆಗಲೇ ವ್ಯವಸ್ಥೆಯನ್ನಾಗಿಸಿತ್ತು. ಅದರ ಫಲವನ್ನು ಹದಿನೆಂಟನೆಯ ಶತಮಾನ ಉಂಡಿತು. 1734ರಲ್ಲಿ ಕಳಲೆಯ ದಳವಾಯಿಗಳು ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗದಲ್ಲಿ ಸೆರೆಯಿಟ್ಟರು. ದೊರೆ ಅಲ್ಲಿಯೇ ತೀರಿಕೊಂಡರು. ಅದೇ ಮನೆತನದ ನಂಜರಾಜಯ್ಯ, ಕನ್ನಡದಲ್ಲಿ ಕೃತಿಗಳನ್ನು ರಚಿಸಿದ ವಿದ್ವಾಂಸ, ತಾನೇ ಮೇಲೆತ್ತಿದ ಹೈದರಾಲಿಯ ಕೈಯಲ್ಲಿ ಅಧಿಕಾರ ಕಳೆದುಕೊಂಡ. 1761ರ ವೇಳೆಗೆ ರಾಜ್ಯ ಹೈದರನದಾಯಿತು. ಇಷ್ಟು ಜನರಲ್ಲೂ ಒಂದೇ ಸ್ವಭಾವದೋಷವಿತ್ತೆಂದು ನಂಬುವುದು ಕಷ್ಟ.

ಅರಿಸ್ಟಾಟಲನ ‘ಹಮಾರ್ಷಿಯ’ವನ್ನು ಸ್ವಭಾವದೋಷವೆಂದು ಅನುವಾದಿಸಿ ಪಾಠ ಹೇಳುವ ಅಭ್ಯಾಸವೇ ಈ ತೊಡಕಿನ ಒಂದು ಮೂಲ. ಆ ಪದಕ್ಕೆ ಗುರಿತಪ್ಪುವಿಕೆ, ತಪ್ಪೆಣಿಕೆ ಎಂಬ ಅರ್ಥವೇ ಹತ್ತಿರ. ಒಬ್ಬನ ಕಾರ್ಯ ಗುರಿತಪ್ಪುವುದು ಅವನು ನಿಂತ ನೆಲೆಯಿಂದಲೂ ಆಗಬಹುದು. ಕನ್ನಡದಲ್ಲಿ ‘ಟ್ರಾಜಿಡಿ’ಗೆ ಒಂದೇ ಪದ ನೆಲೆಗೊಳ್ಳದಿರುವುದೂ ಇಲ್ಲಿ ನೆರವಿಗೆ ಬರುತ್ತದೆ. ದುರಂತ, ರುದ್ರ, ಗಂಭೀರ ಎಂಬ ಮೂರೂ ಬಳಕೆಯಲ್ಲಿವೆ; ಎಸ್.ವಿ. ರಂಗಣ್ಣನವರು ತಮ್ಮ ಗ್ರಂಥಕ್ಕೆ ‘ಪಾಶ್ಚಾತ್ಯ ಗಂಭೀರ ನಾಟಕಗಳು’ ಎಂದೇ ಹೆಸರಿಟ್ಟರು. ‘ದುರಂತ’ವೆಂದಾಗ ಕೊನೆ ಕೆಟ್ಟದ್ದಾಗಿರಬೇಕು. ವಿಕ್ರಮರಾಯನ ಕೊನೆ ಯಾರಿಗೆ ಕೆಟ್ಟದ್ದು? ಅರಮನೆಗೆ ಅದು ಶುಭಾಂತ. ‘ಗಂಭೀರ’ವೆಂಬ ಪದವೇ ಈ ನಾಟಕಕ್ಕೆ ಹೆಚ್ಚು ಒಪ್ಪುತ್ತದೆ, ಅಂತ್ಯದ ಬಗೆಗೆ ಅದು ಏನನ್ನೂ ಮುಂಚಿತವಾಗಿ ಹೇಳುವುದಿಲ್ಲ.

ದ್ರೋಹದ ಬಗೆಗೆ ಕನ್ನಡ ಕಾವ್ಯಪರಂಪರೆಗೆ ತನ್ನದೇ ಪರಿಭಾಷೆಯಿದೆ. ಜೋಳವಾಳಿ, ಲೆಂಕವಾಳಿ, ನನ್ನಿ ಮುಂತಾದ ಪದಗಳು ಉಂಡ ಅನ್ನಕ್ಕೂ ಕೊಡುವ ಪ್ರಾಣಕ್ಕೂ ನಂಟು ಕಟ್ಟುತ್ತವೆ. ಪಂಪನ ಕರ್ಣ ದೊಡ್ಡವನಾಗುವುದು, ತನ್ನವರು ಎದುರು ಪಾಳೆಯದಲ್ಲಿದ್ದಾರೆಂದು ತಿಳಿದ ಮೇಲೂ ಉಂಡ ಮನೆಯನ್ನು ಬಿಡದಿರುವುದರಿಂದ. ರನ್ನ ತನ್ನ ಪ್ರತಿನಾಯಕನ ಪತನಕ್ಕೆ ಕರುಣೆಯ ಎತ್ತರವನ್ನು ಕೊಟ್ಟ, ಬಿ.ಎಂ.ಶ್ರೀ. ಅವರಿಗೆ ‘ಗದಾಯುದ್ಧ’ದಲ್ಲಿ ಗ್ರೀಕ್ ನಾಟಕದ ಛಾಯೆ ಕಂಡದ್ದು ಅದರಿಂದಲೇ. ಆದರೆ ಕರ್ಣನಾಗಲಿ ದುರ್ಯೋಧನನಾಗಲಿ ಜೋಳವಾಳಿಯನ್ನು ಮುರಿದವರಲ್ಲ. ಮುರಿದವನಿಗೂ ದುರಂತದ ಘನತೆ ಸಲ್ಲಬಹುದೇ ಎಂಬ ಪ್ರಶ್ನೆಯನ್ನು ನಮ್ಮ ಪರಂಪರೆ ಎತ್ತಿದ್ದು ಕಡಿಮೆ. ಸಂಸ್ಕೃತದ ‘ಮುದ್ರಾರಾಕ್ಷಸ’ವೂ ಅದನ್ನು ತಪ್ಪಿಸಿಕೊಂಡಿದೆ. ಅಲ್ಲಿ ರಾಕ್ಷಸನ ಸ್ವಾಮಿಭಕ್ತಿಯನ್ನು ಚಾಣಕ್ಯ ಒಡೆಯುವುದಿಲ್ಲ, ಉಪಾಯದಿಂದ ಚಂದ್ರಗುಪ್ತನ ಕಡೆಗೆ ತಿರುಗಿಸುತ್ತಾನೆ. ನಾಟಕ ಸಂಧಾನದಲ್ಲಿ ಕೊನೆಗೊಳ್ಳುತ್ತದೆ. ವಿಕ್ರಮರಾಯನಿಗೆ ಇಂಥ ಸಂಧಾನ ಸಾಧ್ಯವಿಲ್ಲ. ಹಾಗಾಗಿಯೇ ಅವನು ಕನ್ನಡ ರಂಗಭೂಮಿಯಲ್ಲಿ ಹೊಸ ಬಗೆಯ ನಾಯಕ.

ಸಂಸರ ಭಾಷೆಯ ಬಗೆಗೂ ಒಂದು ಮಾತು. ಕೈಲಾಸಂ ಆಡುಗನ್ನಡವನ್ನು, ಅದರಲ್ಲೂ ಇಂಗ್ಲಿಷ್ ಬೆರೆತದ್ದನ್ನು, ರಂಗಕ್ಕೆ ತಂದ ಕಾಲದಲ್ಲಿಯೇ ಸಂಸರು ಅದಕ್ಕೆ ವಿರುದ್ಧವಾದ ಹಾದಿ ಹಿಡಿದು ಹಳೆಯ ಗದ್ಯದ ಬಿಗುವನ್ನು ಕಟ್ಟಿದರು. ನಟರಿಗೆ ಇದು ನಾಲಗೆ ತೊಡರುವ ಕನ್ನಡವೆಂಬ ದೂರು ಹಳೆಯದು. ಆದರೆ ಸ್ತುತಿ ಮತ್ತು ಬೆದರಿಕೆಗಳೆರಡೂ ಒಂದೇ ವಿನಯದ ವ್ಯಾಕರಣವನ್ನು ಧರಿಸುವ ಸಭಾಭಾಷೆ ಅದು. ಎಲ್ಲರೂ ಪಾದಸೇವಕರಾದ ಮಾತಿನಲ್ಲಿ ಸೇವಕನ್ಯಾರು, ಕೊಲೆಗಾರನ್ಯಾರು ಎಂಬುದು ಕಿವಿಗೆ ತಿಳಿಯುವುದಿಲ್ಲ. ಅದನ್ನು ಸರಳಗನ್ನಡಕ್ಕೆ ಇಳಿಸಿ ಆಡಿದರೆ ದ್ರೋಹವು ಅಡಗುವ ಸ್ಥಳವೇ ಇಲ್ಲವಾಗುತ್ತದೆ.

ಸಂಸರ ಬದುಕನ್ನು ನಾಟಕಕ್ಕೆ ಕೀಲಿಕೈಯಾಗಿ ಬಳಸುವುದು ಇನ್ನೊಂದು ರೂಢಿ. ಪೊಲೀಸರು ತಮ್ಮನ್ನು ಹಿಂಬಾಲಿಸುತ್ತಿದ್ದಾರೆಂಬ ಭೀತಿ ಅವರನ್ನು ಕಾಡುತ್ತಿತ್ತು. 1939ರಲ್ಲಿ ಮೈಸೂರಿನಲ್ಲಿ ಅವರು ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಇದು ದುಃಖದ ಸಂಗತಿ. ಆದರೆ ನಾಟಕದ ಸಂಶಯವನ್ನೆಲ್ಲ ಕರ್ತೃವಿನ ಮನೋವ್ಯಾಧಿಯ ಲೆಕ್ಕಕ್ಕೆ ಬರೆಯುವುದು ವಿಮರ್ಶೆಯ ಸೋಮಾರಿತನ. ಅವರು ಬರೆದ ಕಾಲದ ಮೈಸೂರನ್ನು ನೋಡಿದರೆ ಸಾಕು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದ್ದು ಬ್ರಿಟಿಷರ ಷರತ್ತುಗಳಿಗೆ ಒಳಪಟ್ಟು. ಸಿಂಹಾಸನ ಅರಮನೆಯಲ್ಲಿ, ಪರಮಾಧಿಕಾರ ಬೇರೆಡೆಯಲ್ಲಿ. ಅರಮನೆ 1916ರಲ್ಲಿ ತನ್ನ ವಂಶಾವಳಿಯನ್ನು ಅಚ್ಚು ಹಾಕಿಸಿ ಪರಂಪರೆಯನ್ನು ನೆನಪಿಸುತ್ತಿದ್ದಾಗ, ಹಕ್ಕು ಒಂದೆಡೆ, ಬಲ ಇನ್ನೊಂದೆಡೆ ಇರುವ ರಾಜ್ಯದ ಕಥೆಯನ್ನು ಅದೇ ವಂಶದ ಚರಿತ್ರೆಯಿಂದ ಹೆಕ್ಕಿದ್ದು ಆಕಸ್ಮಿಕವಾಗಿರಲಾರದು.

ಈ ಎಳೆ ಕನ್ನಡದಲ್ಲಿ ಮುಂದುವರಿದಿದೆ. ಗಿರೀಶ ಕಾರ್ನಾಡರ ‘ತುಘಲಕ್’ನಲ್ಲಿ (1964) ಪಟ್ಟಕ್ಕೆ ಬರುವ ದಾರಿಯಲ್ಲೇ ಕೊಲೆಯ ಸಂಶಯ ಅಂಟಿಕೊಂಡ ದೊರೆ ತನ್ನ ಸುತ್ತಲಿನವರೆಲ್ಲರಲ್ಲೂ ದ್ರೋಹವನ್ನು ಕಾಣುತ್ತಾನೆ. ಅವರ ಕೊನೆಯ ನಾಟಕ ‘ರಾಕ್ಷಸ ತಂಗಡಿ’ಯ (2018) ಅಳಿಯ ರಾಮರಾಯನಂತೂ ವಿಕ್ರಮರಾಯನ ಹತ್ತಿರದ ಬಂಧು: ರಾಜ್ಯವನ್ನೆಲ್ಲ ಆಳುತ್ತಾನೆ, ಸಿಂಹಾಸನ ಮಾತ್ರ ಅವನದಲ್ಲ. ಈ ಎರಡೂ ನಾಟಕಗಳ ಮೇಲೆ ಬಂದ ವಿಮರ್ಶೆಯಲ್ಲಿ ಸಂಸರ ಹೆಸರು ಅಪರೂಪ. ಬೆಂಗಳೂರಿನ ಬಯಲು ರಂಗಮಂದಿರಕ್ಕೆ ಅವರ ಹೆಸರಿದೆ, ಚರ್ಚೆಯಲ್ಲಿ ಇಲ್ಲ.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಂಚಿನಲ್ಲಿ, ವಯನಾಡಿನ ರಸ್ತೆಗೆ ಮದ್ದೂರೆಂಬ ಊರಿದೆ. ಮಂಡ್ಯ ಜಿಲ್ಲೆಯ ಹೆಸರಾಂತ ಮದ್ದೂರಲ್ಲ. ಅಲ್ಲಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನಿಗೆ ಹಂಗಳವೂ ತೆರಕಣಾಂಬಿಯೂ ಬಸ್ಸಿನ ಹಲಗೆಯ ಮೇಲಿನ ಹೆಸರುಗಳು. ಅವನಿಗೆ ‘ವಿಗಡ ವಿಕ್ರಮರಾಯ’ವನ್ನು ಕಲಿಸುವಾಗ ಪಾಠವನ್ನು ಸ್ಕಾಟ್ಲೆಂಡಿನ ಕೋಟೆಯಿಂದ ಆರಂಭಿಸಬೇಕಾಗಿಲ್ಲ. ತೆರಕಣಾಂಬಿಯಲ್ಲಿ ಇಪ್ಪತ್ತಮೂರರ ಆಸುಪಾಸಿನ ರಾಜಕುಮಾರನೊಬ್ಬ ಸುಮ್ಮನೆ ಇದ್ದನೆಂದೂ, ಶ್ರೀರಂಗಪಟ್ಟಣದಿಂದ ಕರೆ ಬಂದಾಗ ಆ ಕರೆ ಪಟ್ಟಕ್ಕೋ ವಿಷಕ್ಕೋ ಎಂಬುದು ಅವನಿಗೆ ತಿಳಿದಿರಲು ಸಾಧ್ಯವಿರಲಿಲ್ಲವೆಂದೂ ಹೇಳಿ, ನಾಟಕದ ಮೊದಲ ಪುಟವನ್ನು ತೆರೆಯಬಹುದು.