50 ಡಿಗ್ರಿ, 45 ನಿಮಿಷ: ದ್ರಾಕ್ಷಿ ಬಳ್ಳಿಯ ಬಿಸಿನೀರು ಸ್ನಾನ

ಬಿಸಿ ಹೆಚ್ಚಾಗಿ ಬಂದ ಕಷ್ಟಕ್ಕೆ ಬಿಸಿಯೇ ಮದ್ದು ಅಂದ್ರೆ ನಂಬ್ತೀರಾ? ಫ್ರಾನ್ಸ್, ಇಟಲಿಯ ಎಷ್ಟೋ ದ್ರಾಕ್ಷಿ ನರ್ಸರಿಗಳಲ್ಲಿ ನಡೆಯೋದು ಇದೇ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿರುವ ಬಳ್ಳಿಯಿಂದ ಕಡ್ಡಿ ಕತ್ತರಿಸಿ, ಕಟ್ಟು ಕಟ್ಟಿ, ದೊಡ್ಡ ತೊಟ್ಟಿಯ ಬಿಸಿನೀರಲ್ಲಿ ಮುಳುಗಿಸ್ತಾರೆ. 50 ಡಿಗ್ರಿ ಸೆಲ್ಸಿಯಸ್, 45 ನಿಮಿಷ. ನಾವು ಸ್ನಾನಕ್ಕೆ ಹದ ಮಾಡಿಕೊಳ್ಳೋ ನೀರು ಸುಮಾರು 40 ಡಿಗ್ರಿ ಇರತ್ತೆ. 50ರ ನೀರಲ್ಲಿ ಕೈ ಇಟ್ಟರೆ ಸ್ವಲ್ಪ ಹೊತ್ತಿಗೇ 'ಅಯ್ಯಪ್ಪಾ' ಅಂತ ತೆಗೀತೀವಿ. ಕಡ್ಡಿ ಮುಕ್ಕಾಲು ಗಂಟೆ ತಡಕೊಂಡು, ಆಮೇಲೆ ಚಿಗುರತ್ತೆ!

ಇಷ್ಟೆಲ್ಲಾ ಯಾಕೆ ಅಂತ ಗೊತ್ತಾಗಬೇಕಾದ್ರೆ ಬರ್ಗಂಡಿಯ ಬೋನ್ ಪಟ್ಟಣಕ್ಕೆ ಹೋಗಬೇಕು. ಅಲ್ಲಿ ದ್ರಾಕ್ಷಿ ಕೊಯ್ಲು ಯಾವತ್ತು ಶುರುವಾಯ್ತು ಅನ್ನೋ ದಾಖಲೆ 1354ರಿಂದ ಸಿಗತ್ತೆ. ಆಗ ನಮ್ಮಲ್ಲಿ ವಿಜಯನಗರ ಶುರುವಾಗಿ ಇನ್ನೂ 20 ವರ್ಷ ಆಗಿರಲಿಲ್ಲ. ನಾನು ಕೆಲಸ ಮಾಡೋ ಕಡೆ ಆರು ತಿಂಗಳ ಹಿಂದಿನ ಲಾಗ್ ಫೈಲ್ ಹುಡುಕೋದೇ ಕಷ್ಟ, ಇವರದ್ದು ಆರೂವರೆ ಶತಮಾನದ ಲಾಗ್. ಅದನ್ನು ಲೆಕ್ಕ ಹಾಕಿದವರಿಗೆ ಕಂಡಿದ್ದು ಇಷ್ಟು: 1987ರವರೆಗೆ ಸಾಮಾನ್ಯವಾಗಿ ಕೊಯ್ಲು ಸೆಪ್ಟೆಂಬರ್ 28ರ ಹೊತ್ತಿಗೆ. 1988ರಿಂದ 2018ರವರೆಗೆ ಸರಾಸರಿ 13 ದಿನ ಮುಂಚೆ. ಬಿಸಿಲಿಗೆ ಹಣ್ಣು ಬೇಗ ಬೇಗ ಮಾಗ್ತಾ ಇದೆ.

ಹಾಗಾದ್ರೆ ಸೆಖೆ ತಡೆಯೋ ತಳಿ ಹಾಕಿದರಾಯ್ತಲ್ಲ? ಹಾಕ್ತಿದ್ದಾರೆ. ಸಂಪ್ರದಾಯಕ್ಕೆ ಅಂಟಿಕೊಂಡಿರೋ ಬೋರ್ಡೋ ಕೂಡ 2021ರಲ್ಲಿ ಆರು ಹೊಸ ತಳಿಗಳಿಗೆ ಬಾಗಿಲು ತೆಗೀತು. ಪೋರ್ಚುಗಲ್‌ನ ಟೂರಿಗಾ ನಾಸಿಯೊನಾಲ್ ಅದರಲ್ಲೊಂದು. ಆದರೆ ದ್ರಾಕ್ಷಿಯನ್ನು ರಾಗಿ, ಜೋಳದ ಹಾಗೆ ಬೀಜ ಬಿತ್ತಿ ಬೆಳೆಯೋದಿಲ್ಲ. ಒಂದು ಬಳ್ಳಿಯ ಕಡ್ಡಿ ಕತ್ತರಿಸಿ, ಅಮೆರಿಕ ಮೂಲದ ಬೇರುಗಿಡಕ್ಕೆ ಕಸಿ ಕಟ್ಟಿ ಹೊಸ ಬಳ್ಳಿ ಮಾಡ್ತಾರೆ. ಅಂದರೆ ಅಚ್ಚು ಕಾಪಿ. ತಾಯಿ ಬಳ್ಳಿಯಲ್ಲಿ ರೋಗ ಇದ್ದರೆ ಅದೂ ಕಾಪಿಯ ಜೊತೆ ಬರಬಹುದು. ಹೊಸ ತಳಿ ಬೇಕು ಅಂತ ಕಡ್ಡಿಗಳು ಊರಿಂದೂರಿಗೆ ಓಡಾಡಿದಷ್ಟೂ ರೋಗಕ್ಕೆ ಪುಕ್ಕಟೆ ಟಿಕೆಟ್.

ಯಾವ ರೋಗ? ಯುರೋಪಿನ ಬೆಳೆಗಾರರು ತುಂಬಾ ಹೆದರೋದು ಫ್ಲಾವೆಸಾನ್ಸ್ ದೊರೆಗೆ. ನಮ್ಮ ಕನ್ನಡದ ದೊರೆಗೂ ಇದಕ್ಕೂ ಸಂಬಂಧ ಇಲ್ಲ, 'ಚಿನ್ನದಂಥ ಹಳದಿ' ಅಂತ ಅರ್ಥ. ಹೆಸರು ಚೆಂದ, ಗುಣ ಅಲ್ಲ. 1950ರ ದಶಕದಲ್ಲಿ ಫ್ರಾನ್ಸಿನ ನೈರುತ್ಯ ಭಾಗದಲ್ಲಿ ಮೊದಲು ಗಮನಕ್ಕೆ ಬಂತು. ಎಲೆ ಹಳದಿಯಾಗಿ, ಕಪ್ಪು ದ್ರಾಕ್ಷಿಯಾದ್ರೆ ಕೆಂಪಾಗಿ, ಕೆಳಕ್ಕೆ ಸುರುಳಿ ಸುತ್ತುತ್ತೆ. ರೆಂಬೆ ಗಟ್ಟಿಯಾಗದೆ ಜೋತು ಬೀಳತ್ತೆ, ಗೊಂಚಲು ಒಣಗಿ ಉದುರತ್ತೆ. ಕಾರಣ ಫೈಟೊಪ್ಲಾಸ್ಮಾ ಅನ್ನೋ, ಕೋಶದ ಗೋಡೆಯೇ ಇಲ್ಲದ ಒಂದು ಥರದ ಬ್ಯಾಕ್ಟೀರಿಯಾ. ಬಳ್ಳಿಯೊಳಗೆ ಆಹಾರ ಹರಿಯೋ ನಾಳದಲ್ಲಿ ಮನೆ ಮಾಡತ್ತೆ. ಬಳ್ಳಿಯಿಂದ ಬಳ್ಳಿಗೆ ಹೊತ್ತುಕೊಂಡು ಹೋಗೋದು ಉತ್ತರ ಅಮೆರಿಕದಿಂದ ಬಂದ ಒಂದು ಜಿಗಿಹುಳು. ಈ ಹುಳಕ್ಕೆ ಬೆಳೆದು ಮೊಟ್ಟೆ ಇಡೋಕೆ ಸಾಕಷ್ಟು ಬೆಚ್ಚಗಿನ ದಿನಗಳು ಬೇಕು. ಮುಂಚೆ ಚಳಿ ಅಂತ ಹತ್ತಿರ ಬರದಿದ್ದ ಉತ್ತರದ ಪ್ರದೇಶಗಳೂ ಈಗ ಅದಕ್ಕೆ ಹಿತವಾಗ್ತಿವೆ.

ಇದು ಬರೀ ಗಿಡದ ವಿಷಯವಾಗಿ ಉಳಿದಿಲ್ಲ. 2013ರಲ್ಲಿ ಬೋನ್ ಇರೋ ಕೋತ್ ದೋರ್ ಜಿಲ್ಲೆಯಲ್ಲಿ ಎಲ್ಲಾ ತೋಟಕ್ಕೂ ಕೀಟನಾಶಕ ಹೊಡೀಲೇಬೇಕು ಅಂತ ಆಡಳಿತ ಆದೇಶ ಮಾಡ್ತು. ಸಾವಯವ ಬೆಳೆಗಾರ ಎಮ್ಯಾನ್ಯುಯೆಲ್ ಜಿಬುಲೊ ಒಪ್ಪಲಿಲ್ಲ. ನನ್ನ ತೋಟದ ಹತ್ತಿರ ರೋಗವೇ ಇಲ್ಲ, ಹೊಡೆದರೆ ಉಪಕಾರಿ ಹುಳಗಳೂ ಸಾಯ್ತವೆ ಅನ್ನೋದು ಅವರ ವಾದ. ಕೇಸು ಬಿತ್ತು. 2014ರ ಏಪ್ರಿಲ್‌ನಲ್ಲಿ ಕೋರ್ಟು 1000 ಯೂರೋ ದಂಡ ಹಾಕಿ, ಅರ್ಧವನ್ನು ಅಮಾನತಿನಲ್ಲಿಟ್ಟಿತು. ಅದೇ ಡಿಸೆಂಬರ್‌ನಲ್ಲಿ ಮೇಲ್ಮನವಿಯಲ್ಲಿ ಅವರು ಖುಲಾಸೆಯಾದ್ರು. ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಪಕ್ಕದ ತೋಟದವರ ಭಯವೂ ಸುಳ್ಳಲ್ಲ. ಸುಮ್ಮನೆ ಬಿಟ್ಟರೆ ರೋಗ ತಗುಲಿದ ಬಳ್ಳಿಗಳ ಸಂಖ್ಯೆ ವರ್ಷಕ್ಕೆ ಹತ್ತು ಪಟ್ಟಾಗಬಹುದು. ತಗುಲಿದ ಬಳ್ಳಿಗೆ ಔಷಧಿ ಇಲ್ಲ, ಕಿತ್ತು ಹಾಕಬೇಕು. ಅಜ್ಜ ನೆಟ್ಟ ಬಳ್ಳಿಯಾದರೂ ಅಷ್ಟೇ.

ಆ ಬಿಸಿನೀರಿನ ತೊಟ್ಟಿ ಮುಖ್ಯ ಆಗೋದು ಇಲ್ಲೇ. ರೋಗಾಣುವಿಗೂ ಬಳ್ಳಿಗೂ ಬಿಸಿ ತಡೆಯೋ ಶಕ್ತಿಯಲ್ಲಿ ಸಣ್ಣದೊಂದು ಅಂತರ ಇದೆ. ಅಷ್ಟು ಹೊತ್ತು 50 ಡಿಗ್ರಿಯಲ್ಲಿ ಫೈಟೊಪ್ಲಾಸ್ಮಾ ಸಾಯತ್ತೆ, ಮಲಗಿರೋ ಮೊಗ್ಗು ಬದುಕತ್ತೆ. ನೀರು ಸ್ವಲ್ಪ ತಣ್ಣಗಾದ್ರೆ ರೋಗ ಉಳಿಯತ್ತೆ, ಸ್ವಲ್ಪ ಕಾದರೆ ಮೊಗ್ಗು ಬೇಯತ್ತೆ. ಆದ್ದರಿಂದ ನೀರು ತಿರುಗ್ತಾನೇ ಇರಬೇಕು, ಕಟ್ಟಿನ ನಡುವಿನ ಕಡ್ಡಿಗೂ ಅದೇ ಬಿಸಿ ಮುಟ್ಟಬೇಕು. ಚಿಗುರಿದ ಕಡ್ಡಿಗೆ ಈ ಸ್ನಾನ ಮಾಡಿಸೋ ಹಾಗಿಲ್ಲ. ಜಿಗಿಹುಳು ತೊಗಟೆಯಡಿ ಇಟ್ಟ ಮೊಟ್ಟೆಗಳೂ ಇದರಲ್ಲೇ ಸಾಯ್ತವೆ, ಹಾಗಾಗಿ ಹುಳವೂ ಕಡ್ಡಿ ಜೊತೆ ಹೊಸ ಊರಿಗೆ ಹೋಗಲ್ಲ. ಇನ್ನೊಂದು ದೊಡ್ಡ ಲಾಭ ಇದೆ: ಅಮೆರಿಕದ ಬೇರುಗಿಡಗಳು ಎಷ್ಟೋ ಸಲ ರೋಗ ಇಟ್ಟುಕೊಂಡೂ ಚೆನ್ನಾಗೇ ಕಾಣ್ತವೆ. ಟೆಸ್ಟಿಂಗ್‌ನಲ್ಲಿ ಎಲ್ಲಾ ಹಸಿರು, ಪ್ರೊಡಕ್ಷನ್‌ಗೆ ಹೋದ ಮೇಲೆ ಗೋಳು ಅಂತಾರಲ್ಲ, ಆ ಥರ. ಕಣ್ಣಲ್ಲಿ ನೋಡಿ ಆರಿಸೋಕಾಗಲ್ಲ, ಎಲ್ಲವನ್ನೂ ಮುಳುಗಿಸೋದೇ ವಾಸಿ.

ಇದು ಲಸಿಕೆ ಅಲ್ಲ ಅನ್ನೋದು ಗೊತ್ತಿರಲಿ. ಸ್ನಾನ ಮಾಡಿಸಿ ನೆಟ್ಟ ಬಳ್ಳಿಗೂ ಪಕ್ಕದ ತೋಟದ ಜಿಗಿಹುಳು ಬಂದು ರೋಗ ಅಂಟಿಸಬಹುದು. ಉಪಚಾರ ಆದ ಗಿಡ ಸ್ವಲ್ಪ ತಡವಾಗಿ ಚಿಗುರೋದರಿಂದ ನರ್ಸರಿಯವರು ಗೊಣಗೋದೂ ಉಂಟು. ಆದರೂ ಔಷಧಿ ಹೊಡೆಯೋದು ಹೊಡೀತಾನೇ ಇರಬೇಕಾದ ಕೆಲಸ, ಇದು ನೆಡೋಕೆ ಮುಂಚೆ ಒಂದೇ ಸಲ. ವಿದ್ಯುತ್ತು, ನೀರು, ಥರ್ಮಾಮೀಟರ್ ಸಾಕು. ನನ್ನ ಮತ ಕೇಳಿದ್ರೆ, ಜಿಬುಲೊ ಥರದವರಿಗೂ ಅವರ ಪಕ್ಕದವರಿಗೂ ಜಗಳ ಇಲ್ಲದೆ ಒಪ್ಪಿಗೆಯಾಗೋ ಕೆಲಸ ಅಂದ್ರೆ ಇದೊಂದೇ.

ಅಂದಹಾಗೆ, ಈ ಫೈಟೊಪ್ಲಾಸ್ಮಾ ಕುಟುಂಬ ನಮಗೇನೂ ಹೊಸದಲ್ಲ. ಬದನೆ ಗಿಡದಲ್ಲಿ ಎಲೆ ಪುಟ್ಟ ಪುಟ್ಟದಾಗಿ ಗೊಂಚಲುಗಟ್ಟಿ, ಕಾಯೇ ಬಿಡದೆ ನಿಲ್ಲೋದು ಇದರಿಂದಲೇ. ಕಬ್ಬಿನ ಬುಡದಲ್ಲಿ ಹುಲ್ಲಿನ ಪೊದೆ ಥರ ಬಿಳಿಚಿಕೊಂಡ ಸಣಕಲು ಮೊಳಕೆ ಬಂದು, ಗಳ ಆಗದೇ ಹೋಗೋದೂ ಇದರಿಂದಲೇ. ಕಬ್ಬನ್ನೂ ತುಂಡು ಮಾಡಿಯೇ ನೆಡೋದು, ಅಂದರೆ ಅದೂ ಕಾಪಿ. ಅದಕ್ಕೇ ಬಿತ್ತನೆ ತುಂಡುಗಳಿಗೂ ಬಿಸಿನೀರು ಅಥವಾ ಬಿಸಿ ಹಬೆಯ ಉಪಚಾರ ಶಿಫಾರಸು ಮಾಡ್ತಾರೆ, ಅದೂ ಹೆಚ್ಚುಕಡಿಮೆ ಅದೇ 50ರ ಆಸುಪಾಸಿನಲ್ಲಿ. ಮಂಡ್ಯ, ಬೆಳಗಾವಿ ಕಡೆ ನಿಮ್ಮ ದೊಡ್ಡಪ್ಪನೋ ಮಾವನೋ ಕಬ್ಬು ಬೆಳೀತಿದ್ರೆ, ಬಿತ್ತನೆ ತುಂಡು ಎಲ್ಲಿಂದ ತರ್ತೀರಿ, ಬಿಸಿ ಉಪಚಾರ ಆಗಿರತ್ತಾ ಅಂತ ಈ ವಾರ ಫೋನ್ ಮಾಡಿದಾಗ ಕೇಳಿ ನೋಡಿ.